ಬಳಿ ಸಪ್ಪಳ

ಸೇಡಂ ಬಸ್ಸಿನ್ಯಾಗ ಅವ್ವ ಕಿಡಕಿ ಕಡಿ ಕುಂತು
ಸೇಂದಿ ಅಂಗಡಿ ಬಂದಾಗೊಮ್ಮೆ ಸೆರಗು ಕಚ್ಚಿದಳು.
ಕಲಬುರಗಿ ದವಾಖಾನಿ. ಹತ್ತು ಮಂಚ, ಹತ್ತೂ ಗಂಡಸರು.
"ಹೆಂಗಸರ ವಾರ್ಡಿಲ್ಲವ್ವ" ಅಂದ ಸುಗ್ರಾ ಸಿಸ್ಟರೇ
ಮೂಲ್ಯಾಗ ಚಾದರ ಕಟ್ಟಿ ಕೋಲಿ ಮಾಡಿದರು.

"ಎಷ್ಟು ವರ್ಷದ ಚಟ?"
ಅವ್ವ ನನ್ನ ಕಡೆ ನೋಡಿದಳು:
"ಇಕಿ ಹಲ್ಲು ಬಿದ್ದಾಗಿಂದ."
ಹ್ಯಾಂಗ ಬಿತ್ತಂತ ಡಾಕ್ಟರ್ ಕೇಳಲಿಲ್ಲ,
ನಾ ಹೇಳಲಿಲ್ಲ.

ಹಗಲು ರಾತ್ರಿ ಕೈ ನಡುಗಿ ಬಳಿ ಸಪ್ಪಳ.
ತೆಗೆದಿಡು ಅಂದ್ರ ಒಲ್ಲೆ ಅಂದಳು,
ಫರಸಿ ಖಣ್ಯಾಗ ದುಡಿದು ತೊಟ್ಟಾವಂತ.
ಆ ಸಪ್ಪಳದಾಗೇ ಮಲಗೂದು ರೂಢಿಯಾತು ನನಗ.

ಒಂಬತ್ತನೇ ರಾತ್ರಿ
ಗಕ್ಕನ ಎಚ್ಚರಾತು.
ಸಪ್ಪಳಿಲ್ಲ.
ಎದಿ ಝಲ್ಲಂದು ಆಕಿ ಮೂಗಿಗೆ ಬಟ್ಟು ಹಿಡಿದೆ.
"ಅತ್ತಾಗ ಸರಿ" ಅಂದಳು,
"ಈಗರ ಕಣ್ಣು ಹತ್ತಿದ್ವು."