ಪಾಲು

ಮಲಾತ್ಯಾದಲ್ಲಿ ಜುಲೈ. ಮಾಳಿಗೆಗಳ ಮೇಲೆಲ್ಲ
ಏಪ್ರಿಕಾಟ್ ಒಣಗುತ್ತಿದೆ, ಗಂಧಕದ ಹೊಗೆ ಕುಡಿದು, ಹಳದಿ.
ಅಣ್ಣ ನೆವ್ಜಾತನ ಕಣ್ಣೂ ಅದೇ ಹಳದಿ.

ಅಪ್ಪ ತೀರಿಕೊಂಡ ವರ್ಷ
ನಲವತ್ತೊಂದು ಮರ ಅವನ ಹೆಸರಿಗೆ;
ನನಗೆ, ಮದುವೆಯಾದವಳಿಗೆ, ಒಂದು ತಾಮ್ರದ ಹಂಡೆ.
ಹನ್ನೊಂದು ವರ್ಷ ಅವನ ಹೊಸಿಲು ತುಳಿದಿಲ್ಲ.
ಹೆಸರೆತ್ತಿದರೆ ಪಿತ್ತ ನೆತ್ತಿಗೇರುತ್ತಿತ್ತು.

ಈಗ ಡಾಕ್ಟರ್ ಗುಲ್ಫೆಮ್ ಹಾಳೆಯ ಮೇಲೆ
ಗೆರೆ ಎಳೆಯುತ್ತಾಳೆ, ಸರ್ವೆಯವನ ಹಾಗೆ:
ಈಲಿಯ ಬಲಭಾಗ ಅವನಿಗೆ, ಎಡಭಾಗ ನಿಮಗೆ.
ಈ ಪಿತ್ತನಾಳ ನೋಡಿ, ನೂಲಿನಷ್ಟು,
ಹೊಲಿಗೆ ಸೋರಿದರೆ ಕಷ್ಟ.
ಸಾಕ್ಷಿ ಯಾರು, ಅಂದೆ.
ಅವಳು ನಗಲಿಲ್ಲ. ಸಹಿಯ ಜಾಗ ತೋರಿಸಿದಳು.

ಮುದ್ದು ಬಂದಾಗ ಅಮ್ಮ
'ನನ್ನ ಈಲಿಯೇ' ಅನ್ನುತ್ತಿದ್ದಳು,
ಇಬ್ಬರಿಗೂ, ಒಂದೇ ಉಸಿರಲ್ಲಿ.
ಯಾವ ತುಂಡು ಯಾರದೆಂದು ಹೇಳಿ ಹೋಗಲಿಲ್ಲ.

ಕೊಟ್ಟದ್ದು ಮತ್ತೆ ಬೆಳೆಯುತ್ತದಂತೆ. ಬೆಳೆಯಲಿ.
ಕ್ಷಮಿಸಿದಳೆಂದು ಯಾರೂ ಬರೆದುಕೊಳ್ಳಬೇಡಿ.

ಆರನೇ ದಿನ ಕಾರಿಡಾರಿನಲ್ಲಿ ಎದುರಾದೆವು.
ಇಬ್ಬರೂ ಬಗ್ಗಿ, ಇಬ್ಬರ ಪಕ್ಕೆಯಲ್ಲೂ ನಳಿಕೆ,
ಸಲೈನಿನ ಕಂಬ ತಳ್ಳುತ್ತ.
ಅವನ ಕಣ್ಣಿನ ಬಿಳಿ
ಆಗಲೇ ಒಂಚೂರು ಬಿಳಿ.
ಮರಗಳ ಮಾತು ಅವನೂ ಎತ್ತಲಿಲ್ಲ.
ನನ್ನ ಹೊಟ್ಟೆಯ ಕಡೆ ನೋಡಿದ, ಆಮೇಲೆ ಗೋಡೆಯ ಕಡೆ.
"ಕೆಮ್ಮು ಬಂದರೆ," ಅಂದ,
"ದಿಂಬು ಅವುಚಿಕೋ. ನೋವು ಕಡಿಮೆ."