ಎರಡೂವರೆ ಅಡಿ

ಮೂರು ದಿನದ ತರಬೇತಿ, ಊಟ ಅಲ್ಲೇ,
ಆಟೋ ಚಾರ್ಜು ಕೈಗೇ ಕೊಡುತ್ತಾರಂತೆ.
ಮುತವಲ್ಲಿ ಸಾಹೇಬರು ಚೀಟಿ ಕೊಟ್ಟಾಗ ನಕ್ಕೆ.
ಇಪ್ಪತ್ತೆರಡು ವರ್ಷ ಅಲಿಫ್ ಬೇ ತಿದ್ದಿಸಿದವಳಿಗೆ
ಇನ್ನೇನು ಕಲಿಸುತ್ತಾರೆ?
ಮಂಡಕ್ಕಿ ಭಟ್ಟಿಯವನಿಗೆ
ಅಕ್ಕಿ ಹುರಿಯೋದು ಹೇಳಿಕೊಟ್ಟಂಗೆ.

ಹರಿಹರ ರಸ್ತೆಯ ಶಾದಿಮಹಲಿನ ಮಹಡಿ.
ನಿನ್ನೆಯ ಮದುವೆಯ ಮಲ್ಲಿಗೆ ಇನ್ನೂ ಮೆಟ್ಟಿಲ ಮೇಲೆ.
ದಾವಣಗೆರೆಯ ಮಕ್ತಬುಗಳಿಂದ ಹದಿನೇಳು ಜನ,
ಒಬ್ಬೊಬ್ಬರ ಮುಂದೆ ಒಂದೊಂದು ಮುದ್ದೆ ಜೇಡಿಮಣ್ಣು.
ಹೇಳಿಕೊಡಲು ಬಂದ ಫೌಜಿಯಾಗೆ ಮೂವತ್ತೂ ಇರಲಿಕ್ಕಿಲ್ಲ.
"ಮಣ್ಣಿನಲ್ಲಿ ಭಯ ಮಾಡಿ ತೋರಿಸಿ" ಅಂದಳು.
ಖುರ್ಷಿದಬಿ ಹಾವು ಮಾಡಿದಳು.
ಬಾಷಾನಗರದ ಹಾಫಿಜರು
ಮುದ್ದೆಯನ್ನು ಮುದ್ದೆಯಾಗೇ ಇಟ್ಟು, "ಇದೇ" ಅಂದರು.
ನಾನು ರೊಟ್ಟಿ ತಟ್ಟಿದೆ.
ಹನ್ನೆರಡೂವರೆ ಆಗಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು.

ಎರಡನೇ ದಿನ ಏನು ಹೇಳಿದಳೋ ನೆನಪಿಲ್ಲ.
ಮೊಣಕಾಲು ನೋವು, ಫ್ಯಾನಿನ ಕಿರಿಕಿರಿ.

ಮೂರನೇ ದಿನ ಸರ್ಟಿಫಿಕೇಟು. ಜೈತುನ್‌ಬಿ ಹೋಗಿ
ಜೈಟನ್‌ಬಿ ಆಗಿದ್ದೆ ಅದರಲ್ಲಿ.
ಜೊತೆಗೊಂದು ಹಾಳೆ, ಮನೆಗೆಲಸ, ಈ ವಯಸ್ಸಿಗೆ:
ನಿಮ್ಮ ಕೋಣೆಯಲ್ಲಿ
ಎಲ್ಲರಿಗಿಂತ ಚಿಕ್ಕ ಮಗು ಕೂರುವ ಜಾಗದಲ್ಲಿ
ಒಂದು ಪಾಠದ ಹೊತ್ತು ಕೂತು, ಕಂಡದ್ದು ಬರೆಯಿರಿ.
ಕಂಡದ್ದು ಮಾತ್ರ. ಅನ್ನಿಸಿದ್ದು ಬೇಡ.

ಸೋಮವಾರ ಅಸರ್ ನಮಾಜಿಗೂ ಮೊದಲೇ ಬಂದು
ಬಾಗಿಲು ಮುಂದೆ ಮಾಡಿ
ಅಲ್ಫಿಯಾಳ ಚಾಪೆಯ ತುದಿಯಲ್ಲಿ ಕೂತೆ,
ಗೋಡೆ ಹಿಡಿದು, ಬಿಸ್ಮಿಲ್ಲಾ ಅಂದು.

ಕಂಡದ್ದು:
ನನ್ನ ಮೇಜಿನ ಅಡಿಭಾಗ.
ಅಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದ ಚಂದ್ರ, ಒಣಗಿದ ಸಿಂಬಳ.
ಕಿಟಕಿಯಲ್ಲಿ ಭಟ್ಟಿಗಳ ಚಿಮಣಿ ಮಾತ್ರ, ಬೇವಿನ ಮರವಿಲ್ಲ.
ಕಾಬಾದ ಪಟದಲ್ಲಿ ಕಾಬಾ ಇಲ್ಲ,
ಗಾಜಿನ ತುಂಬ ಟ್ಯೂಬ್‌ಲೈಟು.
ಅಕ್ಷರದ ಚಾರ್ಟು ಮೀಮ್‌ಗೆ ಮುಗಿಯುತ್ತದೆ.
ನೂನ್, ವಾವ್, ಹೇ, ಯೇ
ನಾಲ್ಕೂ ನನ್ನ ಕುರ್ಚಿಯ ಬೆನ್ನ ಹಿಂದೆ.

ಯಾ ಅಲ್ಲಾ,
ಅದೆಷ್ಟು ಮಕ್ಕಳು ಮೀಮ್ ದಾಟಿ ತೊದಲಿದಾಗ
ಅದೆಷ್ಟು ಸಲ ಕೇಳಿದ್ದೆ,
"ಕಣ್ಣೆಲ್ಲಿ ಇಟ್ಟಿದ್ದೀಯ?"
(ಇದು ಅನ್ನಿಸಿದ್ದು. ಹಾಳೆಯಲ್ಲಿ ಬರೆಯಲಿಲ್ಲ.)

ಆಮೇಲೆ ಬೀರು.
ಕಮಿಟಿಯವರು ಬೇಡ ಅಂದ ಮೇಲೆ
ಬೆತ್ತವನ್ನು ಅದರ ನೆತ್ತಿಯ ಮೇಲೆ ಮಲಗಿಸಿದ್ದೆ.
ನನ್ನ ಕುರ್ಚಿಯಿಂದ ಕಾಣದು. ಮರೆತೂ ಬಿಟ್ಟಿದ್ದೆ.
ಇಲ್ಲಿಂದ, ಬೀರುವಿನ ಆ ಮಗ್ಗುಲಲ್ಲಿ
ನಾಲ್ಕು ಬೆರಳಷ್ಟು ಹೊರಗೆ ಚಾಚಿದೆ,
ಕೆಂಪು ಟೇಪು ಸುತ್ತಿದ ತುದಿ.

"ಆಪಾ, ಅದು ನನ್ನ ಜಾಗ."
ಬಾಗಿಲಲ್ಲಿ ಅಲ್ಫಿಯಾ,
ಕೂದಲ ತುಂಬ ಭಟ್ಟಿಯ ಹೊಗೆ,
ಫ್ರಾಕಿನ ಜೇಬಿನಲ್ಲಿ ಬಿಸಿ ಮಂಡಕ್ಕಿ.
ಸರಿದೆ. ಕೂತಳು.
ಆಪಾ ನೆಲದ ಮೇಲೆ ಯಾಕೆ ಅಂತ ಕೇಳಲಿಲ್ಲ.
ನಾನು ನೋಡುತ್ತಿದ್ದ ಕಡೆ ತಾನೂ ನೋಡಿದಳು,
ದಿನವೂ ನೋಡುವವಳ ಹಾಗೆ,
ಗಡಿಯಾರ ನೋಡುವ ಹಾಗೆ.

"ಆಪಾ, ಆ ಕೋಲು
ಅಲ್ಲಾಹುನದಾ, ನಿಮ್ದಾ?"

ಇಪ್ಪತ್ತೆರಡು ವರ್ಷದಲ್ಲಿ
ಎಷ್ಟು ಪ್ರಶ್ನೆಗೆ "ಸುಮ್ಮನೆ ಕೂರು" ಅಂದಿದ್ದೆನೋ.
ಅದು ನಾಲಿಗೆಯವರೆಗೂ ಬಂತು, ಅಭ್ಯಾಸಬಲ.

"ನಂದು" ಅಂದೆ.

"ಹಂಗಾ" ಅಂದಳು,
ಹಿಡಿ ಮಂಡಕ್ಕಿ ನನ್ನ ಅಂಗೈಗೆ ಸುರಿದಳು.
ಉಪ್ಪು ಜಾಸ್ತಿಯಾಗಿತ್ತು.

ಹಾಳೆಯ ಕೊನೆಯಲ್ಲಿ
"ತರಬೇತಿಯಿಂದ ಕಲಿತದ್ದು" ಅಂತ ಮೂರು ಗೆರೆ ಖಾಲಿ.
ಮೊದಲ ಗೆರೆಯಲ್ಲಿ ಬರೆದೆ:
ಮೊಳೆ ಕೆಳಗೆ ಹೊಡೆಯಬೇಕು, ಚಾರ್ಟು ಇಳಿಸಬೇಕು.
ಉಳಿದೆರಡು ಹಾಗೇ ಬಿಟ್ಟೆ.

ಹೊರಗೆ ಚಪ್ಪಲಿ ಬಿಡುವ ಸದ್ದು,
ಮಕ್ಕಳು ಬರುತ್ತಿದ್ದರು.
ಏಳಲು ಕೈ ಚಾಚಿದೆ.
ಗೋಡೆಗಿಂತ ಮೊದಲು
ಅಲ್ಫಿಯಾಳ ಹೆಗಲು ಸಿಕ್ಕಿತು.