ಹುಲ್ಲು: ಆಫ್

ಹನ್ನೊಂದಂಗುಲದ ಪರದೆ, ಒಂದು ಮೂಲೆ ಸೀಳು,
ಗುಂಡಿಗಳ ಮೇಲೆ ಕೊರಿಯದ ಅಕ್ಷರ.
ನಾರನ್‌ತೂಲ್ ಸಂತೆಯಲ್ಲಿ ಚೌಕಾಸಿ ಮಾಡಿ
ತೆಮೂಲೆನ್ ತಂದ, ಕೋಟಿನೊಳಗೆ
ಆಗತಾನೆ ಹುಟ್ಟಿದ ಕುರಿಮರಿಯ ಹಾಗೆ ಅವುಚಿಕೊಂಡು.
ಮಾರಿದವನು ಹೇಳಿದ್ದನಂತೆ:
"ಪತ್ರ ಬರೆಯೋಕೆ, ಲೆಕ್ಕ ಇಡೋಕೆ ಅಡ್ಡಿಯಿಲ್ಲ.
ಆಟ ಗೀಟ ಅಂದರೆ ನಾನು ಜವಾಬ್ದಾರನಲ್ಲ."

ತಮ್ಮ ಪತ್ರ ಬರೆಯುವವನಲ್ಲ.
ಲೆಕ್ಕ ಇಡಲು ನಮ್ಮಲ್ಲಿ ಅಂಥದ್ದೇನೂ ಇಲ್ಲ.

ಮೊದಲ ರಾತ್ರಿ ಒಲೆಯ ಪಕ್ಕ ಇಟ್ಟ.
ಐದು ನಿಮಿಷಕ್ಕೆ ಫ್ಯಾನು ಕಿರುಗುಟ್ಟಿತು,
ತಳ ಕಾವಲಿಯಾಯಿತು,
ಆಟದ ಕುದುರೆ ಮುಂಗಾಲೆತ್ತಿ ಗಾಳಿಯಲ್ಲೇ ನಿಂತಿತು.
ಆಮೇಲೆ ಕತ್ತಲು.
ಮರುದಿನದಿಂದ ಒಂದೊಂದೇ ಗೇಣು
ಗೆರ್‌ನ ಬಾಗಿಲತ್ತ ಸರಿಸುತ್ತ ಹೋದ.
ಹೊರಗೆ ಉಲಾನ್‌ಬಾತರಿನ ಹೊಗೆ, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಬಾಗಿಲ ಸಂದಿಯ ಗಾಳಿ, ಕಂಬಳಿಯನ್ನೂ ಕಚ್ಚುವ ಗಾಳಿ,
ಅದಕ್ಕೆ ಮಾತ್ರ ಅಮೃತ.
ಅಲ್ಲಿ, ಬೋರಲು ಹಾಕಿದ ಕಲ್ಲಿದ್ದಲ ಬಕೆಟ್ಟಿನ ಮೇಲೆ,
ಕೈಗವಸಿನ ಬೆರಳ ತುದಿ ಕತ್ತರಿಸಿಕೊಂಡು
ನನ್ನ ತಮ್ಮ
ಸೆಕೆಂಡಿಗೆ ಇಪ್ಪತ್ತಾರು ಚಿತ್ರ ಗಳಿಸಿದ.

ಇಪ್ಪತ್ತಾರು ಅಂದರೆ ಏನೆಂದು ನನಗೂ ಮೊದಲು ಗೊತ್ತಿರಲಿಲ್ಲ.
ಮೂವತ್ತಿದ್ದರೆ ಓಟ, ಹದಿನೈದಿದ್ದರೆ ಕುಂಟು,
ಹತ್ತರ ಕೆಳಗೆ ಫೋಟೋ ಆಲ್ಬಂ. ಅವನ ವ್ಯಾಖ್ಯಾನ.

ಇನ್ನಷ್ಟು ಬೇಕಿತ್ತು ಅವನಿಗೆ.
ಸಾಲದ ಸಂಬಳದಲ್ಲಿ ಮನೆ ನಡೆಸುವವರ ಹಾಗೆ
ಒಂದೊಂದೇ ಖರ್ಚು ಕಡಿಯತೊಡಗಿದ.
ನೆರಳು: ಬೇಡ.
ನೀರಿನಲ್ಲಿ ಆಕಾಶ: ಬೇಡ.
ಬೆಟ್ಟದಾಚೆಯ ಬೆಟ್ಟವನ್ನು ಮಂಜು ಸುರಿದು ಮುಚ್ಚಿದ.
ಮುಖಗಳಿಗೆ ಮೂಗಿದ್ದರೆ ಸಾಕು.
ಕೊನೆಗೆ ಹುಲ್ಲು.
"ಹುಲ್ಲೇ ಎಲ್ಲಕ್ಕಿಂತ ಭಾರ, ಗೊತ್ತಾ ಸೋಲೊಂಗೊ ಅಕ್ಕ,
ಒಂದೊಂದು ಎಸಳನ್ನೂ ಬೇರೆ ಬೇರೆ ಬಿಡಿಸಬೇಕು ಅದು, ಪಾಪ."
ಒತ್ತಿದ.
ಬಯಲಿಗೆ ಬಯಲೇ ಬೋಳಿಸಿದ ತಲೆ.
ಕುದುರೆ ಹಾರಿತು. "ಮೂವತ್ತೆಂಟು!"

ಅಜ್ಜಿ ದುಲ್ಮಾ ಚಹಾ ಸೋಸುತ್ತಿದ್ದವಳು
ಸೌಟು ಹಿಡಿದೇ ಬಂದು ಬಗ್ಗಿ ನೋಡಿದಳು.
ಒಂದು ಕಣ್ಣಿಗೆ ಪೊರೆ. ಇನ್ನೊಂದು ಕಣ್ಣು ಒಂದು ಕಾಲಕ್ಕೆ
ಮೈಲಿಯಾಚೆಯ ಕುದುರೆ ಯಾರದ್ದೆಂದು ಹೇಳುತ್ತಿತ್ತು.
"ಯಾರದ್ದು ಇದು?"
"ನನ್ನದೇ."
"ಜೀನು ಹಿಂದಕ್ಕೆ ಜಾರಿದೆ. ಬಿಗಿ."
"ಆಟ ಅಜ್ಜಿ, ಬಿಗಿಯೋಕೆ ಬರಲ್ಲ."
ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ:
"ಏನು ತಿನ್ನುತ್ತೆ?"

ತೆಮೂಲೆನ್ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ.
ಸೌಟಿನ ಹಿಡಿಯಿಂದ ಪರದೆ ಮುಟ್ಟಿ ತೋರಿಸಿದಳು,
ಇಲ್ಲಿ, ಇಲ್ಲಿ, ಇಲ್ಲಿ. ಎಲ್ಲೂ ಇಲ್ಲ.
"ಬೆಳಗಿನಿಂದ ಓಡಿಸಿದ್ದೀಯ. ಏನು ತಿನ್ನುತ್ತೆ ಅದು?"

ಹದಿನಾಲ್ಕರ ಹುಡುಗ. ಕಿವಿ ಕೆಂಪಾಗಿತ್ತು,
ಚಳಿಗೋ ಏನೋ.
ಆಯ್ಕೆಗಳ ಪಟ್ಟಿಗೆ ಮರಳಿ, ಕೆಳಕೆಳಗೆ ಇಳಿದು
ಒಂದು ಕ್ಷಣ ಬೆರಳು ತಡೆದ.
ಹುಲ್ಲು: ಆನ್.

ಫ್ಯಾನು ನರಳಿತು. ಮೂವತ್ತೆಂಟು ಇಪ್ಪತ್ತಾಯಿತು, ಹನ್ನೆರಡಾಯಿತು,
ಏಳಕ್ಕೆ ಬಂದು ಏದುಸಿರು ಬಿಡುತ್ತ ನಿಂತಿತು.
ಹುಲ್ಲು ಬಂತು, ಒಮ್ಮೆಗೇ ಅಲ್ಲ,
ತೇಪೆ ತೇಪೆಯಾಗಿ, ಮೊದಲು ಗೊರಸಿನ ಸುತ್ತ, ಆಮೇಲೆ ದಿಬ್ಬಕ್ಕೆ.
ಕುದುರೆ ಒಂದು ಹೆಜ್ಜೆ. ನಿಂತಿತು. ಇನ್ನೊಂದು ಹೆಜ್ಜೆ.
ತಲೆ ತಗ್ಗಿಸಿದಂತೆಯೂ ಕಂಡಿತು,
ಅಥವಾ ಚಿತ್ರ ಅಲ್ಲೇ ಸಿಕ್ಕಿಕೊಂಡಿತ್ತು.

"ಹೂಂ," ಎಂದಳು ಅಜ್ಜಿ.
"ಮೇಯುವ ಕುದುರೆಗೆ ಅವಸರ ಮಾಡಬಾರದು."
ಮಣೆ ಎಳೆದು ಬಕೆಟ್ಟಿನ ಪಕ್ಕವೇ ಕೂತಳು,
ಬಾಗಿಲ ಸಂದಿಗೆ ಅಗಲ ಬೆನ್ನು ಕೊಟ್ಟು.
ಗಾಳಿಯೆಲ್ಲ ಅವಳಲ್ಲೇ ನಿಂತಿತು.
ತಮ್ಮ ಒಮ್ಮೆ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.
ತಳ ಕಾಯುತ್ತಿತ್ತು. ಬ್ಯಾಟರಿ ಒಂಬತ್ತು ಶೇಕಡ.
ಮೂವರೂ ನೋಡುತ್ತ ಕೂತೆವು.